ಬ್ಯಾಟರಿಯ ಕೊನೆಯ 30 ಯೂನಿಟ್ ಯಾರದ್ದು?

ಕಾರ್ಯಕ್ರಮ ಮುಗಿದ ಮೇಲೆ ನಮಗೆ ಬರೋ ಫೋನ್‌ಗಳಲ್ಲಿ ಅರ್ಧ ಬೈಗುಳ, ಅರ್ಧ ಹೊಗಳಿಕೆ. ಎರಡಕ್ಕೂ ಉತ್ತರ ಕೊಡಬೇಕಾಗಿಲ್ಲ. ಅಪರೂಪಕ್ಕೆ ಒಂದು ಪ್ರಶ್ನೆ ಬರುತ್ತೆ, ಅದಕ್ಕೆ ಉತ್ತರ ಕೊಡದೆ ಇರೋಕಾಗಲ್ಲ. ಅಂಥದ್ದೊಂದು ಕರಜಗಿಯಿಂದ ಬಂತು. ಹಾವೇರಿ ಹತ್ತಿರದ ಕರಜಗಿ ಅಲ್ಲ. ಕಲಬುರಗಿ ಜಿಲ್ಲೆ, ಅಫಜಲಪುರ ತಾಲ್ಲೂಕು, ಮಹಾರಾಷ್ಟ್ರದ ಗಡಿ ಕಡೆಗಿರೋ ಕರಜಗಿ. ಮಾತಾಡಿದವರು ರೈತರು. ಕೇಳಿದ್ದು ಇಷ್ಟೇ: “ಹಗಲೊತ್ತು ಇಷ್ಟ್ ಬಿಸಲ ಅದ, ತಲಿ ಸುಡ್ತದ. ಇದನ್ನ ಬ್ಯಾಟರ್ಯಾಗ ತುಂಬಿ ಇಟ್ಟು ರಾತ್ರಿ ಊರಿಗೆಲ್ಲ ಕೊಡ್ಲಾಕ ಏನ್ ಅಡ್ಡಿ ಅದ್ರೀ ಸರ್?”

ಅಡ್ಡಿ ಏನೂ ಇಲ್ಲ ಅಂತ ಒಂದು ಮಾತಲ್ಲಿ ಹೇಳಿ ಮುಗಿಸಬಹುದಿತ್ತು. ತಂತ್ರಜ್ಞಾನ ಇದೆ, ನಡೀತಾನೂ ಇದೆ. ಗುಜರಾತಿನ ಮೊಢೇರಾ ಅನ್ನೋ ಊರು ನಿಮಗೆ ನೆನಪಿರಬಹುದು, ಸೂರ್ಯ ದೇವಾಲಯ ಇರೋ ಊರು. 2022ರ ಅಕ್ಟೋಬರ್‌ನಲ್ಲಿ ಅದನ್ನ ದೇಶದ ಮೊದಲ ಸೌರ ಗ್ರಾಮ ಅಂತ ಪ್ರಧಾನಿ ಘೋಷಿಸಿದರು. ಅಲ್ಲಿ 6 ಮೆಗಾವ್ಯಾಟ್‌ನ ಸೋಲಾರ್ ಜೊತೆಗೆ 15 ಮೆಗಾವ್ಯಾಟ್ ಅವರ್‌ನ ಬ್ಯಾಟರಿ ಇದೆ. ಅಂದ್ರೆ ತುಂಬಿದಾಗ 15 ಸಾವಿರ ಯೂನಿಟ್ ಹಿಡಿಯೋ ಬ್ಯಾಟರಿ. ಹಾಗಾದ್ರೆ ಕರಜಗಿಗೂ ಒಂದು ಕೊಟ್ಟರೆ ಮುಗೀತಲ್ಲ?

ಮುಗಿಯಲ್ಲ. ಬ್ಯಾಟರಿ ಅನ್ನೋದು ಬರೀ ಡಬ್ಬ. ಅದಕ್ಕೆ ಯಾವಾಗ ತುಂಬಬೇಕು, ಯಾವಾಗ ಖಾಲಿ ಮಾಡಬೇಕು, ಎಷ್ಟು ಜೋರಾಗಿ ಬಿಡಬೇಕು, ಯಾರಿಗೆ ಮೊದಲು ಬಿಡಬೇಕು ಅನ್ನೋದು ಗೊತ್ತಿಲ್ಲ. ಅದನ್ನ ಹೇಳೋಕೆ ಬೇರೆ ಒಂದು ಯಂತ್ರ ಬೇಕು, ಆ ಯಂತ್ರದೊಳಗೆ ಒಂದು ನಿಯಮದ ಪಟ್ಟಿ ಬೇಕು. ಇವತ್ತಿನ ಮಾತು ಆ ಪಟ್ಟಿಯ ಬಗ್ಗೆ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಕಿಲೋವ್ಯಾಟ್ ಬೇರೆ, ಯೂನಿಟ್ ಬೇರೆ. ನಮ್ಮ ಸುದ್ದಿಮನೆಯಲ್ಲೇ ಇದನ್ನ ದಿನಕ್ಕೊಂದು ಸಲ ತಪ್ಪು ಬರೀತಾರೆ. ಊರಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅನ್ನೋದು ಯೂನಿಟ್. ನಳದ ಬಾಯಿ ಎಷ್ಟು ದೊಡ್ಡದು ಅನ್ನೋದು ಕಿಲೋವ್ಯಾಟ್. ಟ್ಯಾಂಕ್ ದೊಡ್ಡದಿದ್ದು ನಳ ಸಣ್ಣದಾದರೆ ಒಂದೇ ಸಲ ಎಲ್ಲರ ಕೊಡ ತುಂಬಲ್ಲ. ನಳ ದೊಡ್ಡದಿದ್ದು ಟ್ಯಾಂಕ್ ಸಣ್ಣದಾದರೆ ಸಂಜೆ ಏಳಕ್ಕೆ ಬಿಟ್ಟ ನೀರು ಎಂಟಕ್ಕೆ ಮುಗಿಯುತ್ತೆ. ಬ್ಯಾಟರಿ ವಿಷಯದಲ್ಲಿ ಆ ನಳದ ಹೆಸರು ಇನ್ವರ್ಟರ್. ನಿಮ್ಮ ಮನೆ ಯುಪಿಎಸ್‌ನಲ್ಲೂ ಅದು ಇದೆ. ಬ್ಯಾಟರಿಯ ಡಿಸಿ ಕರೆಂಟನ್ನ ಮನೆಗೆ ಬೇಕಾದ ಎಸಿ ಮಾಡೋದು ಅದೇ, ಲೈನ್ ಬಂದಾಗ ಎಸಿಯನ್ನ ಡಿಸಿ ಮಾಡಿ ಬ್ಯಾಟರಿ ತುಂಬೋದೂ ಅದೇ. ಎರಡೂ ಕಡೆ ಹರಿಸೋ ನಳ.

ಈ ನಳ ಯಾವ ಕಡೆ ತಿರುಗಬೇಕು ಅಂತ ಹೇಗೆ ತೀರ್ಮಾನ ಆಗುತ್ತೆ? ಇಲ್ಲಿ ನನಗೆ ಕಾಲೇಜಿನ ಪಾಠಕ್ಕಿಂತ ಹಂತಿ ಹೆಚ್ಚು ಉಪಯೋಗಕ್ಕೆ ಬರುತ್ತೆ. ಕಣದಲ್ಲಿ ಮೇಟಿ ನೆಟ್ಟು, ನಾಲ್ಕೈದು ಎತ್ತುಗಳನ್ನ ಒಂದೇ ಹಗ್ಗಕ್ಕೆ ಸಾಲಾಗಿ ಕಟ್ಟಿ, ಜೋಳದ ತೆನೆ ಮೇಲೆ ಸುತ್ತು ಹೊಡೆಸ್ತಿದ್ದರಲ್ಲ, ಅದು. ಈಗ ಮಷಿನ್ ಬಂದು ಹಂತಿ ಹೋಗಿದೆ, ಆದರೆ ಐವತ್ತು ದಾಟಿದವರು ನೋಡಿರ್ತೀರಿ. ಒಂದೇ ಹಗ್ಗ, ಹಾಗಾಗಿ ಎಲ್ಲ ಎತ್ತೂ ಒಂದೇ ಸುತ್ತಿನ ಲೆಕ್ಕಕ್ಕೆ ನಡೀಬೇಕು. ತೆನೆ ದಪ್ಪ ಹಾಸಿದರೆ ಎಲ್ಲವೂ ನಿಧಾನ ಆಗ್ತವೆ. ತೆಳು ಆದರೆ ಎಲ್ಲವೂ ಚುರುಕಾಗ್ತವೆ. ಯಾವ ಎತ್ತು ಹಗ್ಗವನ್ನ ಸ್ವಲ್ಪ ಮುಂದೆ ಎಳೆಯುತ್ತೋ ಅದರ ಮೇಲೆ ಭಾರ. ಯಾವುದು ಹಿಂದೆ ಬೀಳುತ್ತೋ ಅದನ್ನ ಉಳಿದವು ಎಳ್ಕೊಂಡು ಹೋಗ್ತವೆ.

ವಿದ್ಯುತ್ ಜಾಲ ಅಂದ್ರೆ ಇದೇ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು. ಒಂದು ಸುತ್ತಿಗೆ 20 ಮಿಲಿಸೆಕೆಂಡು. ಬ್ಯಾಟರಿಯ ಇನ್ವರ್ಟರ್ ತನ್ನ ಅಲೆಯನ್ನ ಲೈನಿನ ಅಲೆಗಿಂತ ಒಂದು ಮಿಲಿಸೆಕೆಂಡಿನಷ್ಟು ಮುಂದೆ ಇಟ್ಟರೂ ಸಾಕು, ವಿದ್ಯುತ್ ಬ್ಯಾಟರಿಯಿಂದ ಹೊರಗೆ ಹರಿಯುತ್ತೆ. ಅಷ್ಟೇ ಹಿಂದೆ ಇಟ್ಟರೆ ಲೈನಿನಿಂದ ಬ್ಯಾಟರಿ ಒಳಗೆ ಹರಿಯುತ್ತೆ. ಗೇಟಿಲ್ಲ, ವಾಲ್ವಿಲ್ಲ. ಕಾಲದ ಕೂದಲೆಳೆಯಲ್ಲಿ ನಡೆಯೋ ಆಟ. ಒಳಗಿರೋ ಕಂಪ್ಯೂಟರ್ ಇದನ್ನ ಸೆಕೆಂಡಿಗೆ ಸಾವಿರಾರು ಸಲ ಅಳೆದು ತಿದ್ದುತ್ತಾ ಇರುತ್ತೆ.

ಆ 50 ಅನ್ನೋ ಅಂಕಿ ಎಷ್ಟು ನಾಜೂಕು ಗೊತ್ತಾ? ಭಾರತದ ಗ್ರಿಡ್ ಸಂಹಿತೆ ಪ್ರಕಾರ ಅದು 49.90ರಿಂದ 50.05ರ ಒಳಗೆ ಇರಬೇಕು. 2020ರ ಏಪ್ರಿಲ್ 5 ನೆನಪಿದೆಯಾ? ಕೊರೊನಾ ಕಾಲ, ರಾತ್ರಿ 9ಕ್ಕೆ 9 ನಿಮಿಷ ಲೈಟ್ ಆರಿಸಿ ದೀಪ ಹಚ್ಚಿದೆವು. ನಾವು ಟಿವಿಯವರು ದೀಪ ತೋರಿಸ್ತಾ ಇದ್ದೆವು. ಆ ಹೊತ್ತಲ್ಲಿ ದೇಶದ ಬೇಡಿಕೆ ನಿಮಿಷಗಳಲ್ಲಿ ಸುಮಾರು 31 ಸಾವಿರ ಮೆಗಾವ್ಯಾಟ್ ಕುಸಿದು ಮತ್ತೆ ಏರಿತು. ಗ್ರಿಡ್ ನಿರ್ವಾಹಕರು ಜಲವಿದ್ಯುತ್ ಘಟಕಗಳನ್ನ ಇಳಿಸಿ ಏರಿಸಿ ಹಂತಿ ಹಿಡಿದುಕೊಂಡಿದ್ದರು. ಆಗಲೂ ಆ ಅಂಕಿ 49.70ರಿಂದ 50.26ರ ನಡುವೆ ಓಲಾಡಿತು. ನಿಜವಾದ ಸುದ್ದಿ ಅದಾಗಿತ್ತು. ನಾವು ಹೇಳಲಿಲ್ಲ, ಬಿಡಿ.

ಈ ಹಂತಿಗೂ ನಮ್ಮ ಭೀಮಾ ಸೀಮೆಗೂ ಒಂದು ನಂಟಿದೆ. 2013ರ ಡಿಸೆಂಬರ್ 31ರವರೆಗೆ ದಕ್ಷಿಣ ಭಾರತದ ಎತ್ತುಗಳ ಹಗ್ಗವೇ ಬೇರೆ, ಉತ್ತರದ್ದೇ ಬೇರೆ. ಅದಕ್ಕೇ 2012ರ ಜುಲೈ 30 ಮತ್ತು 31ಕ್ಕೆ ಉತ್ತರ ಭಾರತ ಕತ್ತಲಾದಾಗ ನಮ್ಮಲ್ಲಿ ಫ್ಯಾನ್ ತಿರುಗ್ತಾ ಇತ್ತು. ಎರಡು ಹಗ್ಗಗಳನ್ನ ಒಂದು ಮಾಡಿದ್ದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್. ಇಡೀ ದೇಶ ಒಂದೇ ತಾಳಕ್ಕೆ ನಡೆಯೋಕೆ ಶುರುವಾಗಿದ್ದು ಆ ಎರಡು ಊರಿನ ನಡುವಿನ ತಂತಿಯಿಂದ. ರಾಯಚೂರಿಗೂ ಸೊಲ್ಲಾಪುರಕ್ಕೂ ನಡುವೆ ಇರೋದು ಯಾರು? ನಾವೇ. ದೇಶದ ಹಗ್ಗ ನಮ್ಮ ಸೀಮೆಯಲ್ಲಿ ಗಂಟು ಬಿದ್ದಿದೆ, ಆದರೆ ನಮ್ಮ ಹೊಲದ ಮೋಟರ್‌ಗೆ ಮೂರು ಫೇಸ್ ಬರೋದು ದಿನಕ್ಕೆ 7 ಗಂಟೆ. 2023ರ ಅಕ್ಟೋಬರ್‌ನಲ್ಲಿ ಮಳೆ ಕೈಕೊಟ್ಟಾಗ ಅದೂ 5 ಗಂಟೆಗೆ ಇಳಿದು ರೈತರು ಬೀದಿಗಿಳಿದಿದ್ದರು. ಅದರಲ್ಲೂ ರಾತ್ರಿ ಪಾಳಿ ಬಂದರೆ ಹಾವು ಚೇಳಿನ ನಡುವೆ ಬ್ಯಾಟರಿ ಹಿಡ್ಕೊಂಡು ಹೊಲಕ್ಕೆ ಹೋಗಬೇಕು. ಇಲ್ಲಿ ಬ್ಯಾಟರಿ ಅಂದ್ರೆ ಟಾರ್ಚು.

ಈಗ ಮೈಕ್ರೋಗ್ರಿಡ್‌ಗೆ ಬರೋಣ. ಮೈಕ್ರೋಗ್ರಿಡ್ ಅಂದ್ರೆ ಊರಿನದ್ದೇ ಒಂದು ಸಣ್ಣ ಹಂತಿ. ಸೋಲಾರ್, ಬ್ಯಾಟರಿ, ಊರಿನ ಮನೆಗಳು. ಜೆಸ್ಕಾಂ ಲೈನ್ ಇದ್ದಾಗ ದೊಡ್ಡ ಹಗ್ಗಕ್ಕೆ ಕಟ್ಟಿಕೊಂಡಿರುತ್ತೆ. ಲೈನ್ ಹೋದಾಗ ಹಗ್ಗ ಬಿಚ್ಚಿಕೊಂಡು ತಾನೇ ನಡೆಯುತ್ತೆ. ಆ ಬಿಚ್ಚಿಕೊಳ್ಳೋ ಕ್ಷಣ ಇದೆಯಲ್ಲ, ಅದೇ ಕಷ್ಟದ್ದು.

ನಿಮ್ಮಲ್ಲಿ ಕೆಲವರು ಮನೆ ಮೇಲೆ ಸೋಲಾರ್ ಹಾಕಿಸಿದ್ದೀರಿ. 2024ರಲ್ಲಿ ಪಿಎಂ ಸೂರ್ಯಘರ್ ಬಂದ ಮೇಲೆ ಇನ್ನೂ ಜಾಸ್ತಿ. ಅವರ ದೂರು ಒಂದೇ: ಮೇಲೆ ಸುಡು ಬಿಸಿಲಿದೆ, ಪ್ಯಾನೆಲ್ ಇದೆ, ಆದರೂ ಕರೆಂಟ್ ಹೋದರೆ ನಮ್ಮನೆಯಲ್ಲೂ ಹೋಗುತ್ತಲ್ಲ ಯಾಕೆ? ಮೋಸ ಆಗಿಲ್ಲ. ಆ ಇನ್ವರ್ಟರ್ ಹಂತಿಯಲ್ಲಿ ಪಕ್ಕದ ಎತ್ತನ್ನ ನೋಡಿ ಹೆಜ್ಜೆ ಹಾಕೋ ಎತ್ತು. ಪಕ್ಕದ್ದು ನಿಂತರೆ ಇದೂ ನಿಲ್ಲುತ್ತೆ. ನಿಲ್ಲಲೇಬೇಕು ಅಂತ ನಿಯಮ ಮಾಡಿದ್ದಾರೆ. ಯಾಕಂದ್ರೆ ಲೈನ್ ಆಫ್ ಆಗಿದೆ ಅಂತ ನಂಬಿ ಲೈನ್‌ಮನ್ ಕಂಬ ಹತ್ತಿರ್ತಾನೆ. ನಿಮ್ಮ ಮನೆಯಿಂದ ಕರೆಂಟು ಹಿಂದಕ್ಕೆ ಹರಿದು ಟಿಸಿ ಮೂಲಕ ಮೇಲಿನ ಲೈನಿಗೆ ಹೋದರೆ ಅವನ ಕಥೆ ಮುಗೀತು. ಹಾಗಾಗಿ ಊರಿನ ಮೈಕ್ರೋಗ್ರಿಡ್‌ಗೆ ಎರಡು ಬೇಕೇ ಬೇಕು. ಒಂದು, ಲೈನ್ ಹೋದ ತಕ್ಷಣ ಊರನ್ನ ಹೊರಗಿನ ಲೈನಿನಿಂದ ಕಡಿದು ಹಾಕೋ ಸ್ವಿಚ್. ಎರಡು, ಯಾರನ್ನೂ ನೋಡದೆ ತಾನೇ 50ರ ತಾಳ ಹಾಕಬಲ್ಲ ಒಂದು ಇನ್ವರ್ಟರ್. ಅದನ್ನ ಗ್ರಿಡ್ ಫಾರ್ಮಿಂಗ್ ಅಂತಾರೆ. ಅದು ತಾಳ ಹಾಕಿದ ಮೇಲೆ ಉಳಿದ ಸೋಲಾರ್ ಇನ್ವರ್ಟರ್‌ಗಳು ಅದನ್ನ ನೋಡಿ ಹೆಜ್ಜೆ ಹಾಕ್ತವೆ. ಟೆಂಡರ್‌ನಲ್ಲಿ ಈ ಎರಡು ಪದ ಇಲ್ಲ ಅಂದ್ರೆ, ಲೈನ್ ಹೋದಾಗ ಆ ಬ್ಯಾಟರಿ ಶೋಕೇಸ್‌ನಲ್ಲಿಟ್ಟ ಬೊಂಬೆ ಅಂತ ತಿಳ್ಕೊಳ್ಳಿ.

ಒಂದೇ ಬ್ಯಾಟರಿ ಅಲ್ಲ, ಊರಲ್ಲಿ ಮೂರು ಕಡೆ ಮೂರು ಇದ್ದರೆ? ಶಾಲೆ ಹತ್ತಿರ ಒಂದು, ಪಂಚಾಯಿತಿ ಹತ್ತಿರ ಒಂದು, ಆಸ್ಪತ್ರೆಯಲ್ಲಿ ಒಂದು. ಯಾರು ಎಷ್ಟು ಹೊರಬೇಕು ಅಂತ ಅವು ಮಾತಾಡಿಕೊಳ್ಳೋದು ಹೇಗೆ? ಮಾತಾಡಲ್ಲ. ಇಂಟರ್ನೆಟ್ ಬೇಕಿಲ್ಲ, ಮೊಬೈಲ್ ಸಿಗ್ನಲ್ ಬೇಕಿಲ್ಲ. ಪ್ರತಿ ಇನ್ವರ್ಟರ್‌ಗೂ ಒಂದು ಮಾತು ಹೇಳಿಕೊಟ್ಟಿರ್ತಾರೆ: ಹೊರೆ ಜಾಸ್ತಿಯಾದಂತೆ ನಿನ್ನ ತಾಳವನ್ನ ಸ್ವಲ್ಪ ಇಳಿಸು. ಹೊರೆ ಇಲ್ಲದಾಗ 50 ಇದ್ದದ್ದು ಪೂರ್ತಿ ಹೊರೆಗೆ 49.5, ಹೀಗೆ. ಒಂದೇ ತಂತಿ ಆದ್ದರಿಂದ ಒಂದು ನಿಧಾನ ಆದರೆ ಉಳಿದವಕ್ಕೆ ಗೊತ್ತಾಗುತ್ತೆ, ಅವು ತಮ್ಮ ಪಾಲಿನ ಭಾರ ತಗೊಳ್ತವೆ. ಇದಕ್ಕೆ ಡ್ರೂಪ್ ಅಂತ ಹೆಸರು. ಖಾಲಿಯಾಗ್ತಾ ಇರೋ ಬ್ಯಾಟರಿಗೆ ಕಡಿಮೆ ಭಾರ, ತುಂಬಿದ್ದಕ್ಕೆ ಹೆಚ್ಚು ಅಂತಾನೂ ಇದರಲ್ಲೇ ಹೊಂದಿಸಬಹುದು. ಮಧ್ಯಾಹ್ನ ಬ್ಯಾಟರಿ ತುಂಬಿಹೋಗಿ ಸೋಲಾರ್ ಇನ್ನೂ ಸುರೀತಾ ಇದ್ದರೆ ತಾಳವನ್ನ 50ಕ್ಕಿಂತ ಮೇಲೆ ಏರಿಸುತ್ತೆ. ಅದನ್ನ ನೋಡಿದ ಸೋಲಾರ್ ಇನ್ವರ್ಟರ್‌ಗಳು ತಾವಾಗಿ ಕಡಿಮೆ ಮಾಡ್ಕೊಳ್ತವೆ. ತಾಳವೇ ಸುದ್ದಿ. ಇಂಜಿನಿಯರಿಂಗ್ ಓದುವಾಗ ನನಗೆ ನಿಜವಾಗಿ ಖುಷಿ ಕೊಟ್ಟ ಕೆಲವೇ ವಿಷಯಗಳಲ್ಲಿ ಇದೊಂದು.

ಇಲ್ಲಿಯವರೆಗಿನದ್ದನ್ನ ಯಂತ್ರ ನೋಡಿಕೊಳ್ಳುತ್ತೆ. ಮುಂದಿನದ್ದು ಯಂತ್ರದ ಕೈಲಾಗಲ್ಲ.

ಕರಜಗಿಯನ್ನೇ ಇಟ್ಕೊಂಡು ಲೆಕ್ಕ ಹಾಕೋಣ. ಅಲ್ಲಿ ಇಂಥದ್ದು ಹಾಕಿದ್ದಾರೆ ಅಂತ ನಾನು ಹೇಳ್ತಿಲ್ಲ, ಇದು ಬರೀ ಊಹೆ. 300 ಮನೆಗಳ ಒಂದು ಭಾಗ. 100 ಕಿಲೋವ್ಯಾಟ್ ಸೋಲಾರ್. ಒಳ್ಳೆ ಬಿಸಿಲಿದ್ದರೆ ದಿನಕ್ಕೆ 400 ಯೂನಿಟ್‌ಗೆ ಮೋಸ ಇಲ್ಲ. ಬ್ಯಾಟರಿಯ ತಳದಲ್ಲಿ ಒಂದಿಷ್ಟನ್ನ ಯಾವತ್ತೂ ಮುಟ್ಟೋ ಹಾಗಿಲ್ಲ, ಪೂರ್ತಿ ಬಸಿದರೆ ಅದರ ಆಯಸ್ಸು ಹೋಗುತ್ತೆ. ಅದನ್ನ ಬಿಟ್ಟು ಬಳಸೋಕೆ ಸಿಗೋದು 200 ಯೂನಿಟ್ ಅಂತ ಇರಲಿ.

ಸಂಜೆ ಆರೂವರೆಗೆ ಲೈನ್ ಹೋಯ್ತು. ಪ್ರತಿ ಮನೆಯಲ್ಲಿ ಎರಡು ಲೈಟ್, ಎರಡು ಫ್ಯಾನ್, ಟಿವಿ. ಸರಾಸರಿ 200 ವ್ಯಾಟ್. 300 ಮನೆಗೆ 60 ಕಿಲೋವ್ಯಾಟ್. 200 ಯೂನಿಟ್ ಎಷ್ಟು ಹೊತ್ತು ಬರುತ್ತೆ? ಮೂರು ಗಂಟೆ ಇಪ್ಪತ್ತು ನಿಮಿಷ. ಹತ್ತು ಗಂಟೆಗೆ ಮೊದಲೇ ಊರು ಕತ್ತಲು, ಆಸ್ಪತ್ರೆಯೂ ಕತ್ತಲು. ಅದೂ ಯಾರೂ ನೀರು ಕಾಯಿಸೋ ಕಾಯಿಲ್ ಹಾಕದೆ ಇದ್ದರೆ. 20 ಮನೆಯವರು ಒಂದೂವರೆ ಕಿಲೋವ್ಯಾಟ್‌ನ ಕಾಯಿಲ್ ಇಳಿಬಿಟ್ಟರೆ ಇನ್ನೊಂದು 30 ಕಿಲೋವ್ಯಾಟ್ ಎದ್ದು ನಿಲ್ಲುತ್ತೆ. ಒಬ್ಬರು 5 ಎಚ್‌ಪಿ ಮೋಟರ್ ಶುರು ಮಾಡಿದರೆ ಆ ಕ್ಷಣಕ್ಕೆ ಅದು ಎಳೆಯೋ ಕರೆಂಟು ಮಾಮೂಲಿನ ಐದಾರು ಪಟ್ಟು. ಇಂಥ ಮೋಟರ್ ಎರಡು ಮೂರು ಒಟ್ಟಿಗೆ ಎದ್ದರೆ ಇನ್ವರ್ಟರ್ ತನ್ನನ್ನ ಕಾಪಾಡಿಕೊಳ್ಳೋಕೆ ಟ್ರಿಪ್ ಆಗುತ್ತೆ, ಇಡೀ ಊರು ಹೋಗುತ್ತೆ.

ಈಗ ನಿಯಮದ ಪಟ್ಟಿ ಬರೆಯೋಣ. ಮೋಟರ್, ಹಿಟ್ಟಿನ ಗಿರಣಿ ಎಲ್ಲ ಹಗಲಲ್ಲಿ, ನೇರ ಸೋಲಾರ್ ಮೇಲೆ. ಕುಡಿಯೋ ನೀರಿನ ಟ್ಯಾಂಕ್ ಮಧ್ಯಾಹ್ನ ಮೂರಕ್ಕೇ ತುಂಬಿರಬೇಕು. ಮೇಲೇರಿಸಿದ ನೀರೂ ಒಂದು ಬ್ಯಾಟರಿಯೇ, ಎಲ್ಲಕ್ಕಿಂತ ಅಗ್ಗದ್ದು. ರಾತ್ರಿ ಮನೆಗೆ 100 ವ್ಯಾಟ್ ಮಿತಿ. ಬ್ಯಾಟರಿಯಲ್ಲಿ 30 ಯೂನಿಟ್ ಉಳಿದಾಗ ಮನೆಗಳ ಫೀಡರ್ ಕಡಿತ. ಆ 30 ಯೂನಿಟ್ ಆರೋಗ್ಯ ಕೇಂದ್ರಕ್ಕೆ ಮಾತ್ರ. ಲೆಕ್ಕ ನೋಡಿ: 170 ಯೂನಿಟ್, 30 ಕಿಲೋವ್ಯಾಟ್ ಹೊರೆ, ಮನೆಗಳಿಗೆ ರಾತ್ರಿ ಹನ್ನೆರಡು ದಾಟೋವರೆಗೆ ಬೆಳಕು. ಉಳಿದ 30 ಯೂನಿಟ್‌ನಲ್ಲಿ ಲಸಿಕೆಯ ಫ್ರಿಜ್, ಹೆರಿಗೆ ಕೋಣೆಯ ಲೈಟು, ಹುಟ್ಟಿದ ಕೂಸನ್ನ ಬೆಚ್ಚಗಿಡೋ ವಾರ್ಮರ್, ಎಲ್ಲ ಸೇರಿ ಒಂದೂವರೆ ಕಿಲೋವ್ಯಾಟ್ ಅಂದ್ರೂ 20 ಗಂಟೆ. ಲಸಿಕೆ 2ರಿಂದ 8 ಡಿಗ್ರಿ ಒಳಗೇ ಇರಬೇಕು, ಗೊತ್ತಲ್ಲ.

ಅದೇ ಪ್ಯಾನೆಲ್, ಅದೇ ಬ್ಯಾಟರಿ, ಅದೇ ದುಡ್ಡು. ಬದಲಾಗಿದ್ದು ನಿಯಮ ಮಾತ್ರ.

ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ 12 ಗಂಟೆಗೆ ಫ್ಯಾನ್ ನಿಂತು, ಮಗು ಸೆಖೆಗೆ ಅಳ್ತಾ ಇರುವಾಗ, ಎದುರಿನ ಆಸ್ಪತ್ರೆಯಲ್ಲಿ ಲೈಟ್ ಉರೀತಾ ಇದೆ, ಒಳಗೆ ರೋಗಿ ಯಾರೂ ಇಲ್ಲ. ಆಗ ಜನ ಏನಂತಾರೆ? “ಖಾಲಿ ಆಸ್ಪತ್ರಿಗಿ ಲೈಟ್ ಅದ, ನಮಗ್ಯಾಕ ಇಲ್ರೀ?” ಅಂತಾರೆ. ಕಲಬುರಗಿಯ ಮೇ ತಿಂಗಳ ರಾತ್ರಿ ಅನುಭವಿಸಿದವರಿಗೆ ಆ ಸಿಟ್ಟು ಅರ್ಥ ಆಗುತ್ತೆ. ನಿಯಮವನ್ನ ಬೆಂಗಳೂರಿನ ಯಾವುದೋ ಕಂಪನಿ ಬರೆದು ಕಳಿಸಿದ್ದರೆ ಆ ಸಿಟ್ಟಿಗೆ ಉತ್ತರ ಇಲ್ಲ. ಒಬ್ಬ ಬಂದು ತಂತಿ ಹಾಕಿ ಬೈಪಾಸ್ ಮಾಡ್ತಾನೆ. ಮರುದಿನ ಹತ್ತು ಜನ.

ಇದು ನನ್ನ ಕಲ್ಪನೆ ಅಲ್ಲ. ಬಿಹಾರದ ಜೆಹಾನಾಬಾದ್ ಜಿಲ್ಲೆಯ ಧರ್ನೈ ಅನ್ನೋ ಹಳ್ಳಿಗೆ 2014ರಲ್ಲಿ ಗ್ರೀನ್‌ಪೀಸ್ ಸಂಸ್ಥೆ 100 ಕಿಲೋವ್ಯಾಟ್‌ನ ಸೋಲಾರ್ ಮೈಕ್ರೋಗ್ರಿಡ್ ಕೊಟ್ಟಿತು. ದಶಕಗಳಿಂದ ಕತ್ತಲಲ್ಲಿದ್ದ ಊರು. ದೇಶವೆಲ್ಲ ಸುದ್ದಿಯಾಯ್ತು. ಆದರೆ ಅದರಲ್ಲಿ ದೊಡ್ಡ ಉಪಕರಣ ಹಾಕೋ ಹಾಗಿರಲಿಲ್ಲ, ಮಿತಿ ಇತ್ತು. ಜನ ಇದು ನಕಲಿ ಕರೆಂಟು, ನಮಗೆ ಅಸಲಿ ಕರೆಂಟು ಕೊಡಿ ಅಂತ ಪಟ್ಟು ಹಿಡಿದರು. ಸರ್ಕಾರದ ಲೈನ್ ಬಂತು, ಅಗ್ಗವಾಗಿ ಬಂತು. ಮೈಕ್ರೋಗ್ರಿಡ್ ಬ್ಯಾಟರಿಗಳು ಕೆಲವೇ ವರ್ಷಕ್ಕೆ ಸತ್ತವು. ಬದಲಿಸೋರು ಯಾರೂ ಇರಲಿಲ್ಲ. ಆಮೇಲೆ ಹೋದ ಪತ್ರಕರ್ತರಿಗೆ ಕಂಡಿದ್ದು, ಆ ಜಾಗದಲ್ಲಿ ದನ ಕಟ್ಟಿದ್ದು.

ನಮ್ಮಲ್ಲಿ ಅಗ್ಗ ಏನು, ಪುಕ್ಕಟೆಯೇ ಇದೆ. ಗೃಹಜ್ಯೋತಿಯಲ್ಲಿ ಮನೆಗೆ 200 ಯೂನಿಟ್‌ವರೆಗೆ ಬಿಲ್ ಇಲ್ಲ, 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೂ ಇಲ್ಲ. ಇಂಥಲ್ಲಿ ಊರಿನ ಬ್ಯಾಟರಿ ಕರೆಂಟಿಗೆ ಯೂನಿಟ್‌ಗೆ ಇಷ್ಟು ಕೊಡಿ ಅಂದ್ರೆ ಯಾರು ಕೊಡ್ತಾರೆ? ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಲೈನ್ ಬದಲಿಗೆ ಮೈಕ್ರೋಗ್ರಿಡ್ ಅನ್ನೋ ಕಾಲ ನಮ್ಮ ಕಡೆ ಮುಗಿದಿದೆ. ಬೇಕಿರೋದು ಲೈನಿನ ಜೊತೆಗೆ ಇರೋ ಬ್ಯಾಟರಿ. ಲೈನ್ ಇದ್ದಾಗ ಅದು ಸುಮ್ಮನೆ ಕೂರಬಾರದು. ಹಗಲು ತುಂಬಿಕೊಂಡು ಸಂಜೆ ಬೇಡಿಕೆ ಏರಿದಾಗ ಜೆಸ್ಕಾಂಗೆ ಬಿಟ್ಟರೆ ಅದು ಹೊರಗಿಂದ ದುಬಾರಿ ಕರೆಂಟು ಕೊಳ್ಳೋದು ತಪ್ಪುತ್ತೆ. ಬ್ಯಾಟರಿ ಎಷ್ಟು ಚುರುಕು ಅಂತ ಆಸ್ಟ್ರೇಲಿಯಾದಲ್ಲಿ 2017ರ ಡಿಸೆಂಬರ್‌ನಲ್ಲೇ ನೋಡಿದ್ದಾಯ್ತು. ಅಲ್ಲಿ ದೊಡ್ಡ ಕಲ್ಲಿದ್ದಲು ಘಟಕ ನಿಂತುಹೋದಾಗ, ಹೊಸದಾಗಿ ಹಾಕಿದ್ದ ಹಾರ್ನ್ಸ್‌ಡೇಲ್‌ನ 100 ಮೆಗಾವ್ಯಾಟ್ ಬ್ಯಾಟರಿ ಸೆಕೆಂಡುಗಳಲ್ಲಿ ಕರೆಂಟು ಬಿಟ್ಟು ಕೈಜೋಡಿಸಿತ್ತು. ಆ ಸೇವೆಗೆ ಅದಕ್ಕೆ ದುಡ್ಡು ಸಿಗುತ್ತೆ. ಊರಿನ ಬ್ಯಾಟರಿಗೂ ಅಂಥ ದುಡ್ಡು ಸಿಕ್ಕರೆ, ಅದನ್ನ ಬೇರೆ ಖಾತೆಯಲ್ಲಿ ಇಟ್ಟರೆ, ಹತ್ತು ವರ್ಷದ ಮೇಲೆ ಹೊಸ ಬ್ಯಾಟರಿಗೆ ಯಾರ ಕಾಲೂ ಹಿಡೀಬೇಕಾಗಿಲ್ಲ.

ಆದರೆ ಇಲ್ಲೇ ಹೊಸ ಜಗಳ. ಸಂಜೆ ಏಳಕ್ಕೆ ಜೆಸ್ಕಾಂಗೆ ಬಿಟ್ಟು ಬ್ಯಾಟರಿ ಖಾಲಿ ಮಾಡಿದೆವು, ಎಂಟಕ್ಕೆ ಗಾಳಿ ಮಳೆಗೆ ಕಂಬ ಬಿತ್ತು ಅಂದ್ರೆ? ಊರಿಗೆ ಏನೂ ಇಲ್ಲ. 2020ರ ಅಕ್ಟೋಬರ್ ನೆನಪಿಸಿಕೊಳ್ಳಿ. ಉಜನಿಯಿಂದ ನೀರು ಬಂತು, ಸೊನ್ನ ಬ್ಯಾರೇಜಿನಿಂದ ಲಕ್ಷಾಂತರ ಕ್ಯೂಸೆಕ್ ಹರಿಯಿತು, ಅಫಜಲಪುರ ತಾಲ್ಲೂಕಿನ ನದಿ ದಂಡೆಯ ಊರುಗಳಿಗೆ ನೀರು ನುಗ್ಗಿತು. ಅಂಥ ಹೊತ್ತಲ್ಲಿ ಲೈನನ್ನ ಇಲಾಖೆಯೇ ಆಫ್ ಮಾಡುತ್ತೆ, ಮಾಡಲೇಬೇಕು. ಕಾಳಜಿ ಕೇಂದ್ರದಲ್ಲಿ ಮೊಬೈಲ್ ಚಾರ್ಜ್ ಮಾಡೋಕೂ ಸಾಲು. ಉಜನಿಯಲ್ಲಿ ನೀರು ಬಿಟ್ಟ ಸುದ್ದಿ ಅದು ಇಲ್ಲಿಗೆ ಬರೋ ಮೊದಲೇ ಗೊತ್ತಿರುತ್ತೆ, ನಾವೇ ಟಿವಿಯಲ್ಲಿ ಹೇಳ್ತೀವಿ. ಆ ಸುದ್ದಿ ಕೇಳಿದ ದಿನ ಕಂಟ್ರೋಲರ್‌ನಲ್ಲಿ ಒಂದು ಅಂಕಿ ಬದಲಿಸಬೇಕು: ಮಾರಾಟ ಬಂದ್, ಲೈನಿನಿಂದಾದರೂ ಸರಿ ಬ್ಯಾಟರಿ ಪೂರ್ತಿ ತುಂಬು, 30 ಯೂನಿಟ್ ಬದಲು 120 ಯೂನಿಟ್ ಕಾಯ್ದಿರಿಸು. ಎರಡು ನಿಮಿಷದ ಕೆಲಸ.

ಆ ಎರಡು ನಿಮಿಷದ ಕೆಲಸ ಮಾಡೋರು ಯಾರು? ಗ್ರಾಮಸಭೆಯಲ್ಲಿ ಕೂತು ಮುಂಚೆಯೇ ತೀರ್ಮಾನ ಮಾಡಿದ್ದೀರಾ? ಆಸ್ಪತ್ರೆಗೆ ಎಷ್ಟು, ನೀರಿಗೆ ಎಷ್ಟು, ಮನೆಗೆ ಎಷ್ಟು ಅಂತ ಪಂಚಾಯಿತಿ ಗೋಡೆ ಮೇಲೆ ಬರೆದಿದ್ದೀರಾ? ಇದು ಬರೀ ಕರಜಗಿಗೆ ಹೇಳ್ತಿರೋ ಮಾತಲ್ಲ. ನಿಮ್ಮ ಊರಿಗೂ ಯಾರಾದರೂ ಸೋಲಾರ್ ಬ್ಯಾಟರಿ ತಗೊಂಡು ಉದ್ಘಾಟನೆಗೆ ಬಂದರೆ, ಹಾರ ಹಾಕಿ, ಫೋಟೋ ತೆಗೆಸಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಕಂಪನಿಯವರು ಗಾಡಿ ಹತ್ತೋ ಮೊದಲು ಒಂದು ಮಾತು ಕೇಳಿ: ಕಂಟ್ರೋಲರ್‌ನ ಪಾಸ್‌ವರ್ಡ್ ಯಾರ ಹತ್ತಿರ ಇರುತ್ತೆ?